ಔಷಧದಾನವೋ, ಊರಿನ ಋಣವೋ?

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರನ್ನು ನಮ್ಮ ಮನೆಗಳ ಮಕ್ಕಳೂ ಬಲ್ಲರು. ಬಸದಿಗಳ ವಾರ್ಷಿಕ ವರದಿಗಳಲ್ಲಿ ಈ ಬಾಬ್ತುಗಳಿಗೆ ಖರ್ಚಾದ ಹಣದ ವಿವರ ತಪ್ಪದೆ ಇರುತ್ತದೆ. ಆದರೆ ನಾವು ಕೊಟ್ಟದ್ದೆಲ್ಲವೂ ದಾನವೇ ಎಂಬ ಪ್ರಶ್ನೆಯನ್ನು ಅಷ್ಟಾಗಿ ಕೇಳಿಕೊಳ್ಳುವುದಿಲ್ಲ. ಕೊಡಬೇಕಾದವನು ಕೊಡದೆ ಹೋದಾಗ ಅವನ ಸ್ಥಾನದಲ್ಲಿ ಇನ್ನೊಬ್ಬನು ಕೊಟ್ಟನೆನ್ನೋಣ. ಪಡೆದವನಿಗೆ ಅದು ಉಪಕಾರವೇ ಸರಿ. ಆದರೆ ಕೊಡಬೇಕಾಗಿದ್ದವನ ಋಣ ಅದರಿಂದ ತೀರಿತೆ? ನಾಯಿ ಕಡಿತಕ್ಕೆ ಒಳಗಾದ ಬಡವರ ಚಿಕಿತ್ಸೆಯ ವೆಚ್ಚ ಯಾರದು ಎಂಬ ಒಂದು ಸಣ್ಣ ಲೆಕ್ಕದ ಪ್ರಶ್ನೆ ನನ್ನನ್ನು ಈ ವಿಚಾರಕ್ಕೆ ತಂದಿತು. ಅದನ್ನು ವಾಚಕರ ಮುಂದೆ, ವಿಶೇಷವಾಗಿ ಬಸದಿಗಳ ಆಡಳಿತ ನಡೆಸುವ ಬಂಧುಗಳ ಮುಂದೆ, ಇಡಬೇಕೆಂಬುದು ಈ ಬರಹದ ಉದ್ದೇಶ.

ನಾನು ವೃತ್ತಿಯಿಂದ ಲೆಕ್ಕದವನು. ನಿವೃತ್ತಿಯ ನಂತರ ಮೈಸೂರಿನ ಒಂದು ಬಸದಿಯ ಟ್ರಸ್ಟಿನ ಲೆಕ್ಕಪತ್ರಗಳನ್ನು ಬರೆಯುತ್ತಿದ್ದೇನೆ. 2024ರ ಮಳೆಗಾಲದಲ್ಲಿ, ಬಸದಿಯ ಬೀದಿಯಲ್ಲಿ ಹೂವು ಮಾರುವ ತಾಯಿಯೊಬ್ಬಳ ಒಂಬತ್ತು ವರ್ಷದ ಮಗನನ್ನು ಶಾಲೆಯಿಂದ ಮರಳುವಾಗ ಬೀದಿನಾಯಿಯೊಂದು ಮೀನಖಂಡಕ್ಕೂ ಮುಂಗೈಗೂ ಕಚ್ಚಿತು. ನೆರೆಯವರು ಗಾಯಕ್ಕೆ ಸುಣ್ಣ ಹಚ್ಚಲು ಹೊರಟಿದ್ದರು. ಶಾಲೆಯ ಉಪಾಧ್ಯಾಯಿನಿಯೊಬ್ಬರು ತಡೆದು, ನಲ್ಲಿಯ ಕೆಳಗೆ ಸಾಬೂನು ಹಾಕಿ ಬಹಳ ಹೊತ್ತು ತೊಳೆಸಿದರು. ಆಸ್ಪತ್ರೆಯಲ್ಲಿ ಮೊದಲ ಚುಚ್ಚುಮದ್ದನ್ನು ಉಚಿತವಾಗಿಯೇ ಕೊಟ್ಟರು. ಆದರೆ ಗಾಯದಿಂದ ರಕ್ತ ಬಂದಿದ್ದುದರಿಂದ ಗಾಯದ ಒಳಕ್ಕೇ ಕೊಡಬೇಕಾದ ಸೀರಂ ಕೂಡ ಅಗತ್ಯವಿತ್ತು. ಅದು ಅಂದು ದಾಸ್ತಾನಿನಲ್ಲಿರಲಿಲ್ಲ. ಹೊರಗೆ ಕೊಂಡು ತರಬೇಕೆಂದರು. ಔಷಧಿ ಅಂಗಡಿಯಲ್ಲಿ ಅದರ ಬೆಲೆ ಕೇಳಿದ ಆಕೆ ಕಿವಿಯ ಓಲೆಯನ್ನು ಗಿರವಿ ಇಟ್ಟಳು. ಸಾಲದಾದಾಗ ನಮ್ಮ ಬಳಿಗೆ ಬಂದಳು.

ಆಕೆ ಹೇಳಿದ ಮಾತು ನನಗೆ ಇಂದಿಗೂ ನೆನಪಿದೆ. “ಸ್ವಾಮಿ, ದಾನ ಕೊಡಿ ಅಂತ ನಾನು ಕೇಳ್ತಾ ಇಲ್ಲ. ಸಾಲ ಅಂತ ಕೊಡಿ. ದಿನಾ ಪೂಜೆಗೆ ಹೂವು ಕೊಟ್ಟು ತೀರಿಸ್ತೀನಿ.” ಹಣವನ್ನು ಅಂದೇ ಕೊಟ್ಟೆವು. ಬಾಲಕನಿಗೆ ಅದೇ ಸಂಜೆ ಸೀರಂ ದೊರೆಯಿತು, ಮುಂದಿನ ಚುಚ್ಚುಮದ್ದುಗಳೂ ಕಾಲಕಾಲಕ್ಕೆ ಆದವು. ಅವನು ಆರೋಗ್ಯವಾಗಿದ್ದಾನೆ.

ತೊಂದರೆ ಬಂದದ್ದು ಆ ಹಣವನ್ನು ಪುಸ್ತಕದಲ್ಲಿ ಬರೆಯುವಾಗ. ಟ್ರಸ್ಟಿನ ಮುಂದಿನ ಸಭೆಯಲ್ಲಿ ಹಿರಿಯ ಧರ್ಮದರ್ಶಿಗಳೊಬ್ಬರು, “ಇದರಲ್ಲಿ ಯೋಚಿಸುವುದೇನಿದೆ? ಔಷಧದಾನವೆಂದು ಬರೆಯಿರಿ. ಸಾಲವೆಂದು ಆ ತಾಯಿಯಿಂದ ಹೂವು ಪಡೆಯುವುದು ನಮಗೆ ಶೋಭೆಯಲ್ಲ” ಎಂದರು. ಎಲ್ಲರೂ ತಲೆದೂಗಿದರು. ನಿವೃತ್ತ ಶಿಕ್ಷಕಿಯಾದ ಸದಸ್ಯೆಯೊಬ್ಬರು ಮಾತ್ರ ಬೇರೆ ಮಾತನಾಡಿದರು: “ಆಕೆ ನಮಗೆ ಸಾಲಗಾರಳಲ್ಲವೆಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ಆ ನಾಯಿ ಆಕೆಯದಲ್ಲ, ನಮ್ಮದೂ ಅಲ್ಲ, ಊರಿನದು. ಊರಿನ ನಾಯಿಗೆ ಲಸಿಕೆ ಹಾಕಿಸಬೇಕಾದವರು ಹಾಕಿಸಿದ್ದರೆ ಈ ಭಯವೇ ಇರುತ್ತಿರಲಿಲ್ಲ. ಇದನ್ನು ಅವರ ಬಾಕಿಯೆಂದು ಏಕೆ ಬರೆಯಬಾರದು?” ಸಾಲಗಾರನು ಒಪ್ಪಿಕೊಳ್ಳದ ಸಾಲವನ್ನು ‘ಬರಬೇಕಾದ ಬಾಕಿ’ ಎಂದು ತೋರಿಸಲು ಲೆಕ್ಕಶಾಸ್ತ್ರ ಬಿಡುವುದಿಲ್ಲವೆಂದು ನಾನು ವಿವರಿಸಿದೆ. ಕೊನೆಗೆ ಔಷಧದಾನದ ಖಾತೆಯಲ್ಲಿಯೇ ಬರೆದು, ಬಿಲ್ಲಿನ ನಕಲುಗಳೊಡನೆ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಗೆ ಒಂದು ಪತ್ರ ಬರೆಯುವುದೆಂದು ತೀರ್ಮಾನವಾಯಿತು. ಅದು ಯಾವ ಸಂಸ್ಥೆಯೆಂದು ಇಲ್ಲಿ ಹೆಸರಿಸುವ ಅಗತ್ಯವಿಲ್ಲ. ಇಂತಹ ವೆಚ್ಚವನ್ನು ಮರುಪಾವತಿ ಮಾಡಲು ಅವಕಾಶವಿಲ್ಲವೆಂದು ಎರಡು ಸಾಲಿನ ಉತ್ತರ ಬಂದಿತು. ಆ ಶಿಕ್ಷಕಿಯವರ ಮಾತು ನ್ಯಾಯವೇ, ಅಲ್ಲವೇ ಎಂಬುದನ್ನು ತಿಳಿಯಬೇಕೆಂಬ ಆಸೆ ಮಾತ್ರ ನನ್ನಲ್ಲಿ ಉಳಿಯಿತು. ಅಲ್ಲಿಂದೀಚೆಗೆ ಓದಿ, ಬಲ್ಲವರನ್ನು ಕೇಳಿ ತಿಳಿದುದನ್ನು ಮುಂದೆ ಹೇಳುತ್ತೇನೆ.

ಮೊದಲು ರೋಗದ ಸ್ವರೂಪವನ್ನು ನೋಡೋಣ. ಹುಚ್ಚುನಾಯಿ ರೋಗ ಅಥವಾ ರೇಬೀಸ್ ರೋಗದ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಮರಣ ಹೆಚ್ಚುಕಡಮೆ ನಿಶ್ಚಿತ. ನೀರನ್ನು ಕಂಡರೆ ಗಂಟಲು ಬಿಗಿಯುವ ಆ ಸಂಕಟವನ್ನು ನೋಡಿದವರು ಮರೆಯಲಾರರು. ಆದರೆ ಕಡಿತಕ್ಕೂ ಲಕ್ಷಣಗಳಿಗೂ ನಡುವೆ ಸಾಮಾನ್ಯವಾಗಿ ವಾರಗಳ ಅಥವಾ ತಿಂಗಳುಗಳ ಅವಧಿ ಇರುತ್ತದೆ. ಆ ಅವಧಿಯ ಆರಂಭದಲ್ಲಿಯೇ ಸರಿಯಾದ ಚಿಕಿತ್ಸೆ ದೊರೆತರೆ ರೋಗವನ್ನು ಬಹುತೇಕ ಪೂರ್ಣವಾಗಿ ತಡೆಯಬಹುದು. ಗಾಯವನ್ನು ಸಾಬೂನು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯುವುದು, ಲಸಿಕೆ ಪಡೆಯುವುದು, ಚರ್ಮ ಭೇದಿಸಿ ರಕ್ತ ಬಂದಿದ್ದರೆ ಗಾಯದೊಳಕ್ಕೆ ಇಮ್ಯುನೋಗ್ಲಾಬ್ಯುಲಿನ್ ಎಂಬ ಸೀರಂ ಪಡೆಯುವುದು, ಇವು ಮೂರೇ ಅದರ ಅಂಗಗಳು. ಮೊದಲನೆಯದಕ್ಕೆ ಖರ್ಚಿಲ್ಲ. ಎರಡನೆಯದು ಹೊರಗೆ ಕೊಂಡರೆ ಡೋಸಿಗೆ ಕೆಲವು ನೂರು ರೂಪಾಯಿ. ಮೂರನೆಯದರ ಪ್ರಮಾಣ ರೋಗಿಯ ತೂಕಕ್ಕೆ ಅನುಗುಣವಾಗಿರುವುದರಿಂದಲೂ, ಅದರಲ್ಲಿ ಬೇರೆ ಬೇರೆ ಬಗೆಗಳಿರುವುದರಿಂದಲೂ ವೆಚ್ಚ ಸಾವಿರಾರು ರೂಪಾಯಿಗೆ ಹೋಗಬಹುದು. ಅಂದರೆ ಗಾಯ ಎಷ್ಟು ಗಂಭೀರವೋ ವೆಚ್ಚವೂ ಅಷ್ಟೇ ಅಧಿಕ. ಮುಂದೂಡಲು ಕಾಲಾವಕಾಶವೂ ಇಲ್ಲ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ವಿಜ್ಞಾನಿಗಳು 2022 ಮತ್ತು 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ವರ್ಷಕ್ಕೆ ಸುಮಾರು 91 ಲಕ್ಷ ಪ್ರಾಣಿ ಕಡಿತಗಳು ಸಂಭವಿಸುತ್ತವೆ. ರೇಬೀಸಿನಿಂದ ಸಾಯುವವರ ಅಂದಾಜು ಸಂಖ್ಯೆ 5,726. ಇಪ್ಪತ್ತು ವರ್ಷಗಳ ಹಿಂದಿನ ಸಮೀಕ್ಷೆಯೊಂದು ಈ ಸಂಖ್ಯೆಯನ್ನು 20,565 ಎಂದು ಅಂದಾಜು ಮಾಡಿತ್ತು. ಇಳಿಕೆ ಸಮಾಧಾನಕರವಾದರೂ, ಅದೇ ಹೊಸ ಸಮೀಕ್ಷೆಯಲ್ಲಿ ಕಡಿತಕ್ಕೊಳಗಾದವರಲ್ಲಿ ಐವರಲ್ಲಿ ಒಬ್ಬರಷ್ಟು ಜನ ಒಂದು ಚುಚ್ಚುಮದ್ದನ್ನೂ ಪಡೆದಿರಲಿಲ್ಲವೆಂಬುದನ್ನು ಗಮನಿಸಬೇಕು. ಔಷಧವೇ ಇಲ್ಲದ ರೋಗದಿಂದ ಸಾಯುವುದು ಕರ್ಮವೆಂದು ಹೇಳಿಯೇವು. ಔಷಧವಿದ್ದೂ ಅದು ರೋಗಿಯ ಕೈಗೆ ಎಟುಕದೆ ಸಾವು ಬಂದರೆ ಅದಕ್ಕೆ ಯಾರಾದರೂ ಉತ್ತರ ಹೇಳಬೇಕಾಗುತ್ತದೆ.

ವಿಮೆ ಇದ್ದವರಿಗೆ ಈ ಚಿಂತೆ ಇಲ್ಲವೆಂದು ಕೆಲವರು ಭಾವಿಸುತ್ತಾರೆ. ಆದರೆ ಸಾಮಾನ್ಯ ಆರೋಗ್ಯ ವಿಮೆಗಳು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಸೇರಿದವರ ವೆಚ್ಚವನ್ನು ಭರಿಸುವಂತಹವು. ನಾಯಿ ಕಡಿತದ ಚಿಕಿತ್ಸೆಯಾದರೋ ಹೊರರೋಗಿ ವಿಭಾಗದಲ್ಲಿ ನಾಲ್ಕೈದು ಬಾರಿ ಹೋಗಿ ಪಡೆಯುವಂಥದು. ಆದುದರಿಂದ ವಿಮಾ ಪತ್ರವನ್ನು ಕಪಾಟಿನಲ್ಲಿಟ್ಟುಕೊಂಡ ಅನುಕೂಲಸ್ಥ ಗೃಹಸ್ಥನೂ, ಏನೂ ಇಲ್ಲದ ಹೂವಿನ ತಾಯಿಯೂ ಈ ವಿಷಯದಲ್ಲಿ ಬಹುಮಟ್ಟಿಗೆ ವಿಮೆಯಿಲ್ಲದವರೇ. ಗೃಹಸ್ಥನಿಗೆ ಆ ಹಣ ಒಂದು ದಿನದ ಕಿರಿಕಿರಿ, ಆಕೆಗೆ ಕಿವಿಯ ಓಲೆ.

ಹಾಗಾದರೆ ಈ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸುವುದು ಏಕೆ? ಮೈಸೂರಿನವರಿಗೆ ಇದನ್ನು ತಿಳಿಸಲು ದೂರ ಹೋಗಬೇಕಿಲ್ಲ. 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದು ಜನ ಸತ್ತ ಮೇಲೆ, 1903ರಲ್ಲಿ ಮೈಸೂರು ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳನ್ನು ಬಿಡಿಸಿ, ಚರಂಡಿ ಮಾಡಿಸಿ, ಗಾಳಿ ಬೆಳಕು ಬರುವ ಬಡಾವಣೆಗಳನ್ನು ನಿರ್ಮಿಸಿದರು. ಪ್ಲೇಗಿನ ಇಲಿ ಯಾರ ಮನೆಯದೆಂದು ವಿಚಾರಿಸಿ ಆ ಮನೆಯವನಿಂದ ಚರಂಡಿಯ ಖರ್ಚನ್ನು ವಸೂಲು ಮಾಡಲಿಲ್ಲ. ಬೀದಿಯಿಂದ ಬರುವ ರೋಗ ಬೀದಿಯನ್ನು ನೋಡಿಕೊಳ್ಳುವವರ ಹೊಣೆಯೆಂಬ ತಿಳಿವಳಿಕೆ ಅಂದೇ ಇತ್ತು. 1992ರ ಸಂವಿಧಾನದ 74ನೆಯ ತಿದ್ದುಪಡಿ ಇದನ್ನೇ ಹನ್ನೆರಡನೆಯ ಅನುಸೂಚಿಯಲ್ಲಿ ಬರೆದಿಟ್ಟಿತು. ನಗರ ಸಂಸ್ಥೆಗಳಿಗೆ ವಹಿಸಬಹುದಾದ ಹದಿನೆಂಟು ಕಾರ್ಯಗಳ ಆ ಪಟ್ಟಿಯಲ್ಲಿ ಸಾರ್ವಜನಿಕ ಆರೋಗ್ಯವೂ ಇದೆ, ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯುವುದೂ ಇದೆ. ಮಗುವಿನ ರಕ್ಷಣೆ ಮತ್ತು ನಾಯಿಯ ರಕ್ಷಣೆ ಎರಡೂ ಒಂದೇ ಕೈಗೆ ಸೇರಿವೆಯೆಂಬುದು ಅಹಿಂಸೆಯನ್ನು ನಂಬಿದ ನಮಗೆ ವಿಶೇಷವಾಗಿ ಮನನೀಯ. 2001ರ ನಾಯಿಗಳ ಸಂತಾನ ನಿಯಂತ್ರಣ ನಿಯಮಗಳೂ, ಅವುಗಳ ಸ್ಥಾನದಲ್ಲಿ ಬಂದ 2023ರ ನಿಯಮಗಳೂ ಬೀದಿನಾಯಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸುವ ಕೆಲಸವನ್ನು ಸ್ಥಳೀಯ ಸಂಸ್ಥೆಗೇ ವಹಿಸಿವೆ. ಒಂದು ಪ್ರದೇಶದ ನಾಯಿಗಳಲ್ಲಿ ನೂರಕ್ಕೆ 70ಕ್ಕೆ ಲಸಿಕೆ ಆದರೆ ರೋಗದ ಸರಪಳಿ ಮುರಿಯುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಕೆಲಸ ಎಷ್ಟರಮಟ್ಟಿಗೆ ಉಳಿದುಹೋಗಿದೆಯೋ ಅಷ್ಟರಮಟ್ಟಿಗೆ ಕಡಿತಕ್ಕೊಳಗಾದವನಿಗೆ ಚಿಕಿತ್ಸೆ ಬೇಕಾಗುತ್ತದೆ. ಹೀಗಿರುವಾಗ ಚಿಕಿತ್ಸೆಯ ಹಣ ಯಾರೋ ತೋರಿದ ಔದಾರ್ಯವಾಗದೆ, ಮಾಡದೆ ಉಳಿದ ಕೆಲಸದ ಬೆಲೆಯಾಗುತ್ತದೆ.

ಈ ವಿಚಾರ ಹೊಸದೂ ಅಲ್ಲ. 1885ರಲ್ಲಿ ಪ್ಯಾರಿಸಿನಲ್ಲಿ ಲೂಯಿ ಪಾಶ್ಚರ್ ಮೊದಲ ಬಾಲಕನಿಗೆ ಲಸಿಕೆ ಕೊಟ್ಟ ಬಳಿಕ ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿಯೂ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿಯೂ ಪಾಶ್ಚರ್ ಸಂಸ್ಥೆಗಳು ಪ್ರಾರಂಭವಾದವು. ಕೂನೂರಿನ ಸಂಸ್ಥೆಗೆ ಅಮೆರಿಕದ ಹೆನ್ರಿ ಫಿಪ್ಸ್ ಎಂಬ ದಾನಿಯ ಹಣ ನೆರವಾಯಿತು. ಆದರೆ ಕಡಿಸಿಕೊಂಡ ಬಡವನು ಅಲ್ಲಿಗೆ ತಲಪುವುದು ಹೇಗೆ? ಬ್ರಿಟಿಷ್ ಪ್ರಾಂತಗಳಲ್ಲಿ ಅಂಥವರ ಪ್ರಯಾಣದ ವೆಚ್ಚವನ್ನು ಸರ್ಕಾರವೂ ಸ್ಥಳೀಯ ಸಂಸ್ಥೆಗಳೂ ಭರಿಸುವ ಪದ್ಧತಿ ಇತ್ತು. ಕಟ್ಟಡಕ್ಕೆ ದಾನಿಯ ಹಣ ಬರಬಹುದು, ರೋಗಿಯನ್ನು ಉಳಿಸುವ ನಿತ್ಯದ ವೆಚ್ಚ ಮಾತ್ರ ಊರಿನದು ಎಂಬ ಈ ವಿಭಾಗ ನನಗೆ ಬಹಳ ಯುಕ್ತವಾಗಿ ತೋರಿತು.

ಲಸಿಕೆಯ ಇತಿಹಾಸದಲ್ಲಿ ನಮ್ಮ ಸಮಾಜ ತಿಳಿಯಬೇಕಾದ ಇನ್ನೊಂದು ಅಂಶವಿದೆ. ಕಸೌಲಿಯಲ್ಲಿ ಡೇವಿಡ್ ಸೆಂಪಲ್ ರೂಪಿಸಿದ ಹಳೆಯ ಲಸಿಕೆಯನ್ನು ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದರು. ಹೊಟ್ಟೆಯ ಮೇಲೆ ದಿನವೂ ಚುಚ್ಚಿಸಿಕೊಳ್ಳುತ್ತಿದ್ದ ಆ ಚುಚ್ಚುಮದ್ದುಗಳ ನೆನಪು ಹಿರಿಯರಿಗೆ ಇದ್ದೇ ಇರುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಬಡವರಿಗೆ ದೊರೆಯುತ್ತಿದ್ದುದು ಅದೇ. ಕೆಲವರಲ್ಲಿ ಅದು ನರಗಳಿಗೆ ಹಾನಿಯನ್ನೂ ಮಾಡುತ್ತಿತ್ತು. 2004ರ ಕೊನೆಗೆ ನಮ್ಮ ದೇಶದಲ್ಲಿ ಅದರ ತಯಾರಿಕೆ ನಿಂತು, ಜೀವಕೋಶಗಳ ಕೃಷಿಯಿಂದ ತಯಾರಾಗುವ ಲಸಿಕೆಗಳು ಅದರ ಸ್ಥಾನಕ್ಕೆ ಬಂದವು. ಹಿಂಸೆ ಕಡಮೆಯಾಯಿತು, ಅಪಾಯ ಕಡಮೆಯಾಯಿತು, ಬೆಲೆ ಮಾತ್ರ ಏರಿತು. ಬೆಲೆಯನ್ನು ಇಳಿಸಲೆಂದೇ 2006ರಲ್ಲಿ ಚರ್ಮದ ಪದರಿನಲ್ಲಿ ಅತಿ ಸ್ವಲ್ಪ ಪ್ರಮಾಣವನ್ನು ಕೊಡುವ ವಿಧಾನಕ್ಕೆ ಒಪ್ಪಿಗೆ ದೊರೆಯಿತು. ಎರಡು ತೋಳುಗಳಿಗೆ 0.1 ಮಿಲಿಲೀಟರಿನಂತೆ 0, 3, 7 ಮತ್ತು 28ನೆಯ ದಿನಗಳಲ್ಲಿ ಕೊಟ್ಟರೆ ಸಾಕು. ಆದರೆ ಒಮ್ಮೆ ತೆರೆದ ಸೀಸೆಯನ್ನು ಕೆಲವೇ ಗಂಟೆಗಳೊಳಗೆ ಉಪಯೋಗಿಸಿ ಮುಗಿಸಬೇಕು. ಒಂದೇ ಸೀಸೆಯನ್ನು ಹಲವು ಮಂದಿಗೆ ಹಂಚಲು ದಿನವೂ ಹಲವು ರೋಗಿಗಳು ಬರುವ ಸಾರ್ವಜನಿಕ ಆಸ್ಪತ್ರೆಯಲ್ಲಿ ಸಾಧ್ಯ. ಅಂಗಡಿಯಲ್ಲಿ ಒಬ್ಬನೇ ಕೊಳ್ಳುವವನು ಇಡೀ ಸೀಸೆಯ ಬೆಲೆ ತೆರಬೇಕು. ಅಂದರೆ ಎಲ್ಲರೂ ಸೇರಿ ಭರಿಸಿದರೆ ಅಗ್ಗವಾಗುವುದೂ ಒಬ್ಬೊಬ್ಬರೇ ಭರಿಸಿದರೆ ದುಬಾರಿಯಾಗುವುದೂ ಈ ಔಷಧದ ಸ್ವಭಾವ. ಲೆಕ್ಕದವನಾದ ನನಗೆ ಹೊಣೆ ಊರಿನದಾಗಬೇಕೆನ್ನಲು ಇದಕ್ಕಿಂತ ಬಲವಾದ ಕಾರಣ ಬೇಕಾಗಿಲ್ಲ.

ನಾಯಿ ಮತ್ತು ದಯೆಯ ಪ್ರಶ್ನೆ ನಮ್ಮ ಸಮಾಜದ ಮುಂದೆ ಹಿಂದೆಯೂ ಬಂದಿತ್ತು. 1926ರಲ್ಲಿ ಅಹಮದಾಬಾದಿನ ಗಿರಣಿ ಮಾಲೀಕರೂ ಜೈನ ಮನೆತನದವರೂ ಆಗಿದ್ದ ಅಂಬಾಲಾಲ್ ಸಾರಾಭಾಯಿಯವರು ಹುಚ್ಚು ಹಿಡಿಯುವ ಭಯದಿಂದ ತಮ್ಮ ಗಿರಣಿಯ ಆವರಣದ ಸುಮಾರು 60 ನಾಯಿಗಳನ್ನು ಕೊಲ್ಲಿಸಿದರು. ನಗರದಲ್ಲಿ ದೊಡ್ಡ ಕೋಲಾಹಲವಾಯಿತು. ವಿಷಯ ಗಾಂಧೀಜಿಯವರವರೆಗೆ ಹೋಯಿತು. ಅವರು ‘ಯಂಗ್ ಇಂಡಿಯಾ’ ಪತ್ರಿಕೆಯಲ್ಲಿ ಲೇಖನಮಾಲೆಯನ್ನೇ ಬರೆದು, ಆ ಸಂದರ್ಭದಲ್ಲಿ ಕೊಲೆ ಅನಿವಾರ್ಯವಾಗಿತ್ತೆಂಬ ಅಭಿಪ್ರಾಯ ಕೊಟ್ಟರು. ಅದನ್ನು ಒಪ್ಪದವರು ಅಂದೂ ಬಹಳ ಮಂದಿ ಇದ್ದರು. ನಾನೂ ಆ ಭಾಗವನ್ನು ಒಪ್ಪಲಾರೆ. ಆದರೆ ಆ ಲೇಖನಗಳ ಇನ್ನೊಂದು ಭಾಗವನ್ನು ನಾವು ಸೌಕರ್ಯವಾಗಿ ಮರೆತಿದ್ದೇವೆ. ಒಡೆಯನಿಲ್ಲದ ನಾಯಿಗಳು ಬೀದಿಯಲ್ಲಿರುವುದೇ ಸಮಾಜದ ದೋಷ, ಬೀದಿಯಲ್ಲಿ ಒಂದು ತುತ್ತನ್ನು ಎಸೆದು ಪುಣ್ಯ ಬಂದಿತೆಂದು ತಿಳಿಯುವುದು ದಯೆಯಾಗದು, ದಯೆಯುಳ್ಳವರು ಅವುಗಳ ಪಾಲನೆಯ ಹೊಣೆಯನ್ನೂ ಹೊರಬೇಕು ಎಂಬುದು ಅವರ ವಾದವಾಗಿತ್ತು. ಅಂದು ನಾಯಿಗಳಿಗೆ ಊರೊಟ್ಟಿನ ಲಸಿಕೆಯಾಗಲಿ ಸಂತಾನ ನಿಯಂತ್ರಣದ ಶಸ್ತ್ರಚಿಕಿತ್ಸೆಯಾಗಲಿ ಇರಲಿಲ್ಲ, ಆದುದರಿಂದ ಕೊಲ್ಲುವುದು ಅಥವಾ ಸಹಿಸುವುದು ಎಂಬ ಎರಡೇ ದಾರಿಗಳು ಕಂಡವು. ಇಂದು ಮೂರನೆಯ ದಾರಿ ಇದೆ. ನಮ್ಮ ನೆರೆಯ ಗೋವಾದಲ್ಲಿ ವರ್ಷವರ್ಷವೂ ನಾಯಿಗಳಿಗೆ ವ್ಯಾಪಕವಾಗಿ ಲಸಿಕೆ ಹಾಕಿಸಿದ ಫಲವಾಗಿ, ಮೂರು ವರ್ಷಗಳ ಕಾಲ ಒಬ್ಬ ಮನುಷ್ಯನೂ ರೇಬೀಸಿನಿಂದ ಸಾಯಲಿಲ್ಲವೆಂದು 2021ರಲ್ಲಿ ಅಲ್ಲಿನ ಸರ್ಕಾರ ಪ್ರಕಟಿಸಿತು. ಒಂದು ಜೀವವನ್ನು ಉಳಿಸಲು ಇನ್ನೊಂದನ್ನು ಕೊಲ್ಲಬೇಕಿಲ್ಲವೆಂಬುದಕ್ಕೆ ಇದು ಸಾಕಷ್ಟು ಪ್ರಮಾಣ.

ನ್ಯಾಯಾಲಯಗಳೂ ನಿಧಾನವಾಗಿ ಇದೇ ಮಾತಿನತ್ತ ಬಂದಿವೆ. ಕೇರಳದಲ್ಲಿ ನಾಯಿ ಕಡಿತಕ್ಕೊಳಗಾದವರ ಪರಿಹಾರವನ್ನು ನಿರ್ಧರಿಸಲು ಸುಪ್ರೀಂ ಕೋರ್ಟು 2016ರಲ್ಲಿ ನ್ಯಾಯಮೂರ್ತಿ ಸಿರಿ ಜಗನ್ ಅವರ ಸಮಿತಿಯನ್ನು ನೇಮಿಸಿತು. ನಮ್ಮ ರಾಜ್ಯದ ಹೈಕೋರ್ಟಿನ ಧಾರವಾಡ ಪೀಠ 2022ರಲ್ಲಿ, ಬೆಳಗಾವಿ ಜಿಲ್ಲೆಯಲ್ಲಿ ಬೀದಿನಾಯಿಗಳ ದಾಳಿಯಿಂದ ಸತ್ತ ಎಳೆಯ ಮಗುವಿನ ತಂದೆಗೆ 10 ಲಕ್ಷ ರೂಪಾಯಿ ಕೊಡುವಂತೆ ಗ್ರಾಮ ಪಂಚಾಯಿತಿಗೆ ಆದೇಶಿಸಿತು. 2025ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ದೆಹಲಿಯ ಬೀದಿನಾಯಿಗಳ ವಿಷಯವನ್ನು ತಾನಾಗಿ ಕೈಗೆತ್ತಿಕೊಂಡು, ಮೊದಲು ಎಲ್ಲವನ್ನೂ ಆಶ್ರಯಗೃಹಗಳಿಗೆ ಸೇರಿಸಬೇಕೆಂದೂ, ಹನ್ನೊಂದು ದಿನಗಳ ತರುವಾಯ ಅದನ್ನು ಮಾರ್ಪಡಿಸಿ, ರೇಬೀಸ್ ತಗಲಿದ ಹಾಗೂ ಆಕ್ರಮಣಶೀಲವಾದ ನಾಯಿಗಳನ್ನುಳಿದು ಮಿಕ್ಕವನ್ನು ಚಿಕಿತ್ಸೆ ಮತ್ತು ಲಸಿಕೆಯ ನಂತರ ಹಿಂದಿನ ಸ್ಥಳಕ್ಕೇ ಬಿಡಬೇಕೆಂದೂ ಹೇಳಿತು. ಅದೇ ವರ್ಷದ ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ ಮುಂತಾದ ಸ್ಥಳಗಳಿಂದ ನಾಯಿಗಳನ್ನು ತೆರವುಗೊಳಿಸಲು ಆದೇಶಿಸಿದ್ದಲ್ಲದೆ, ಆಸ್ಪತ್ರೆಗಳಲ್ಲಿ ರೇಬೀಸ್ ಲಸಿಕೆ ಮತ್ತು ಇಮ್ಯುನೋಗ್ಲಾಬ್ಯುಲಿನ್ ಎರಡೂ ಸದಾ ದಾಸ್ತಾನಿನಲ್ಲಿರಬೇಕೆಂದು ವಿಧಿಸಿತು. ಅದೇ ತಿಂಗಳಲ್ಲಿ ಕರ್ನಾಟಕ ಸರ್ಕಾರವು ಬೀದಿನಾಯಿಯಿಂದ ಮರಣ ಸಂಭವಿಸಿದರೆ 5 ಲಕ್ಷ ರೂಪಾಯಿಯನ್ನೂ, ಗಾಯವಾದರೆ 5,000 ರೂಪಾಯಿಯನ್ನೂ ಪರಿಹಾರವೆಂದು ಪ್ರಕಟಿಸಿತು. ಈ 5,000ದಲ್ಲಿ 3,500 ರೂಪಾಯಿ ಗಾಯಗೊಂಡವನಿಗೆ, 1,500 ರೂಪಾಯಿ ಚಿಕಿತ್ಸೆಯ ಸಲುವಾಗಿ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ.

ಹೂವಿನ ತಾಯಿಯ ಮಗನಿಗೆ ಕಡಿತವಾದದ್ದು ಇವೆಲ್ಲಕ್ಕೂ ಮುಂಚೆ. ನಮ್ಮ ಶಿಕ್ಷಕಿಯವರು ಸಭೆಯಲ್ಲಿ ಆಡಿದ ಮಾತನ್ನು ಒಂದು ವರ್ಷದ ನಂತರ ಸರ್ಕಾರವೇ ತತ್ತ್ವತಃ ಒಪ್ಪಿಕೊಂಡಂತಾಯಿತು. ಆದರೂ ಎರಡು ಕೊರತೆಗಳು ನನಗೆ ಕಾಣುತ್ತವೆ. ಪರಿಹಾರ ಬರುವುದು ನಂತರ, ಸೀರಂ ಬೇಕಾಗುವುದು ಅಂದೇ. ಆದುದರಿಂದ ಹಣ ಹಿಂದಿರುಗಿಸುವ ವ್ಯವಸ್ಥೆಗಿಂತ, ಬಂದವನಿಗೆ ಏನನ್ನೂ ಕೇಳದೆ ಔಷಧ ಕೊಟ್ಟು ಲೆಕ್ಕವನ್ನು ಆಸ್ಪತ್ರೆ ಮತ್ತು ಸ್ಥಳೀಯ ಸಂಸ್ಥೆ ತಮ್ಮತಮ್ಮೊಳಗೆ ತೀರಿಸಿಕೊಳ್ಳುವ ವ್ಯವಸ್ಥೆ ಮೇಲು. ಎರಡನೆಯದು ಗಡಿಯ ತೊಡಕು. ಮೈಸೂರು ಬೆಳೆದಂತೆ ಹೊರವಲಯದಲ್ಲಿ ನಗರಸಭೆ, ಪಟ್ಟಣ ಪಂಚಾಯಿತಿ, ಗ್ರಾಮ ಪಂಚಾಯಿತಿಗಳ ಸೀಮೆಗಳು ಒಂದರ ಪಕ್ಕದಲ್ಲೊಂದು ಬಂದಿವೆ. ಒಂದು ಬೀದಿಯ ಈಚೆ ಬದಿ ಒಬ್ಬರದು, ಆಚೆ ಬದಿ ಇನ್ನೊಬ್ಬರದು. ನಾಯಿಗೆ ಈ ಗಡಿ ತಿಳಿಯದು. ಕಡಿತವಾದ ಸ್ಥಳ ಯಾರ ಸೀಮೆಯೆಂಬ ವಿಚಾರಣೆ ಚಿಕಿತ್ಸೆಗೆ ಮುಂಚೆ ನಡೆಯಬಾರದು.

ಇದಕ್ಕೆ ಬರುವ ಆಕ್ಷೇಪಣೆಗಳನ್ನೂ ನೋಡಬೇಕು. ಸ್ಥಳೀಯ ಸಂಸ್ಥೆಯ ಬೊಕ್ಕಸ ಬರಿದಾಗಿರುವಾಗ ಹೊಸ ಹೊರೆ ಏಕೆಂದು ಕೆಲವರು ಕೇಳುತ್ತಾರೆ. ಹೊರೆಯನ್ನು ನಾವು ಹುಟ್ಟಿಸುತ್ತಿಲ್ಲ. ಅದು ಈಗಲೂ ಇದೆ, ಹೊರಲು ಅತ್ಯಂತ ಅಶಕ್ತರಾದವರ ಹೆಗಲ ಮೇಲಿದೆ ಅಷ್ಟೆ. ಅಲ್ಲದೆ, ಕಡಿತದ ವೆಚ್ಚ ತನ್ನ ಪುಸ್ತಕದಲ್ಲಿಯೇ ಕಾಣಿಸಿಕೊಂಡಾಗ ಮಾತ್ರ ನಾಯಿಗಳಿಗೆ ಲಸಿಕೆ ಹಾಕಿಸುವುದು ಎಷ್ಟು ಅಗ್ಗವೆಂಬುದು ಸಂಸ್ಥೆಗೆ ಅರಿವಾದೀತು. ಬೇರೆಯವರ ಕಿಸೆಯಿಂದ ಹೋಗುವ ಹಣವನ್ನು ಉಳಿಸಲು ಯಾವ ಕಚೇರಿಯೂ ಅವಸರಪಡುವುದಿಲ್ಲ. ನಮ್ಮಂತಹ ಟ್ರಸ್ಟುಗಳು ಮೌನವಾಗಿ ಬಿಲ್ಲು ತೆರುತ್ತ ಹೋದರೆ ಈ ಅರಿವು ಬರುವುದು ಇನ್ನಷ್ಟು ತಡವಾಗುತ್ತದೆ. ಸಾಕಿದ ನಾಯಿ ಕಚ್ಚಿದರೂ ಊರೇ ಹಣ ಕೊಡಬೇಕೆ ಎಂದು ಇನ್ನು ಕೆಲವರು ಕೇಳುತ್ತಾರೆ. ಅಲ್ಲಿ ಒಡೆಯನು ಹೊಣೆ. ಆದರೆ ಚಿಕಿತ್ಸೆಯನ್ನು ಮೊದಲು ಕೊಟ್ಟು ಒಡೆಯನಿಂದ ನಂತರ ವಸೂಲು ಮಾಡತಕ್ಕದ್ದು.

ಮೂರನೆಯ ಆಕ್ಷೇಪಣೆ ನಮ್ಮವರನ್ನೇ ಕುರಿತದ್ದು. ಬೆಳಗ್ಗೆ ಬೀದಿನಾಯಿಗಳಿಗೆ ರೊಟ್ಟಿ ಹಾಕುವ ಮನೆಗಳು ನಮ್ಮಲ್ಲಿ ಬಹಳ. ‘ನೀವು ಸಾಕಿದ ನಾಯಿ, ನೀವೇ ಹಣ ಕೊಡಿ’ ಎಂಬ ಮಾತನ್ನು ಅವರು ಕೇಳಬೇಕಾಗಿ ಬಂದಿದೆ. ಅನ್ನ ಹಾಕುವುದು ಅಪರಾಧವಲ್ಲ. ಆದರೆ ಅನ್ನ ಹಾಕುವ ಕೈಯನ್ನು ನಾಯಿ ನಂಬುತ್ತದೆ. ಅದನ್ನು ಹಿಡಿದು ಲಸಿಕೆಗೆ ಒಪ್ಪಿಸುವುದು ಆ ಕೈಗೆ ಸುಲಭ, ಪಾಲಿಕೆಯ ಬಲೆಗೆ ಕಷ್ಟ. ಆಹಾರ ಕೊಡುವವರು ಅದೇ ಪ್ರಾಣಿಗೆ ಲಸಿಕೆಯನ್ನೂ ಕೊಡಿಸಿದರೆ ಆಹಾರದಾನ, ಔಷಧದಾನ ಎರಡೂ ಆದವು. ಬೀದಿಯ ಮಕ್ಕಳಿಗೆ ಭಯ ತಪ್ಪಿದರೆ ಅಭಯದಾನವೂ ಆಯಿತು. ಆಹಾರವನ್ನು ಶಾಲೆಯ ಬಾಗಿಲಲ್ಲಿಯೂ ಬಸದಿಯ ಮೆಟ್ಟಿಲ ಮೇಲೆಯೂ ಹಾಕದೆ ಗೊತ್ತುಪಡಿಸಿದ ಸ್ಥಳದಲ್ಲಿ ಹಾಕುವುದು ಇದರ ಇನ್ನೊಂದು ಅಂಗ. 2025ರ ಆಗಸ್ಟಿನ ಆದೇಶವೂ ಅದನ್ನೇ ಹೇಳಿದೆ.

ಈ ಎಲ್ಲ ಕಾರಣಗಳಿಂದ ನಮ್ಮ ಟ್ರಸ್ಟಿನಲ್ಲಿ ಒಂದು ಕ್ರಮವನ್ನು ಒಪ್ಪಿಕೊಂಡಿದ್ದೇವೆ. ಇತರ ಟ್ರಸ್ಟುಗಳಿಗೂ ಅದು ಉಪಯೋಗವಾಗಬಹುದೆಂದು ಇಲ್ಲಿ ತಿಳಿಸುತ್ತೇನೆ. ನಾಯಿ, ಬೆಕ್ಕು, ಕೋತಿ ಕಚ್ಚಿದರೆ ಮೊದಲು 15 ನಿಮಿಷ ಸಾಬೂನಿನಿಂದ ತೊಳೆಯಿರಿ, ಸುಣ್ಣ, ಕಾರದಪುಡಿ, ಅರಿಸಿನ ಹಚ್ಚಬೇಡಿ, ಅಂದೇ ಆಸ್ಪತ್ರೆಗೆ ಹೋಗಿ ಎಂಬ ಮೂರು ಸೂಚನೆಗಳನ್ನು ಬಸದಿಯ ಹೊರಗೋಡೆಯ ಮೇಲೆ, ಬೀದಿಯವರೆಲ್ಲರೂ ಓದುವಂತೆ ಬರೆಸಿದ್ದೇವೆ. ಬಡವರು ಬಂದರೆ ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ಯಲು ಇಬ್ಬರು ಯುವಕರು ಒಪ್ಪಿಕೊಂಡಿದ್ದಾರೆ. ಮುಂದಿನ ಚುಚ್ಚುಮದ್ದಿನ ದಿನಗಳನ್ನು ಬರೆದಿಟ್ಟುಕೊಂಡು ನೆನಪಿಸುತ್ತೇವೆ. ಏಕೆಂದರೆ ಗಾಯ ಮಾಯ್ದ ಮೇಲೆ ಮೂರನೆಯ, ನಾಲ್ಕನೆಯ ಡೋಸಿಗೆ ಹೋಗದವರು ಬಹಳ ಮಂದಿ. ಪರಿಹಾರದ ಅರ್ಜಿ ಬರೆದುಕೊಡುತ್ತೇವೆ. ಸೀರಂ ದೊರೆಯದೆ ಹೋದ ಪಕ್ಷದಲ್ಲಿ ಮಾತ್ರ ಹಣ ಕೊಡುತ್ತೇವೆ, ಕೊಟ್ಟಾಗಲೆಲ್ಲ ಬಿಲ್ಲಿನ ನಕಲನ್ನು ಸ್ಥಳೀಯ ಸಂಸ್ಥೆಗೆ ಕಳುಹಿಸುತ್ತೇವೆ. ಪುಸ್ತಕದಲ್ಲಿ ಆ ಮೊತ್ತ ಔಷಧದಾನದ ಖಾತೆಯಲ್ಲಿಯೇ ಇದೆ. ಅದರ ಎದುರಿಗೆ ‘ಸ್ಥಳೀಯ ಸಂಸ್ಥೆಯ ಪರವಾಗಿ ಕೊಟ್ಟದ್ದು’ ಎಂದು ಷರಾ ಬರೆಯಲು ಲೆಕ್ಕಪರಿಶೋಧಕರು ಒಪ್ಪಿದ್ದಾರೆ.

ಇದರ ಜೊತೆಗೆ ವರ್ಷಕ್ಕೊಮ್ಮೆ, ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಹೊತ್ತಿಗೆ, ನಮ್ಮ ವಾರ್ಡಿನಲ್ಲಿ ಎಷ್ಟು ನಾಯಿಗಳಿಗೆ ಲಸಿಕೆ ಆಯಿತು, ಆಸ್ಪತ್ರೆಯಲ್ಲಿ ಎಷ್ಟು ದಿನ ಸೀರಂ ಇರಲಿಲ್ಲ ಎಂಬ ಎರಡೇ ಪ್ರಶ್ನೆಗಳನ್ನು ಲಿಖಿತವಾಗಿ ಕೇಳುವುದೆಂದು ನಿರ್ಣಯಿಸಿದ್ದೇವೆ. ಕಂದಾಯ ಕಟ್ಟುವ ಪ್ರತಿಯೊಂದು ಕುಟುಂಬಕ್ಕೂ ಈ ಪ್ರಶ್ನೆ ಕೇಳುವ ಹಕ್ಕಿದೆ, ಬಾಡಿಗೆ ಕೋಣೆಯಲ್ಲಿರುವವರಿಗೂ ಅದು ಸಮಾನವಾಗಿ ಇದೆ. ಮೈಸೂರಿನ ಇತರ ಟ್ರಸ್ಟುಗಳೂ ತಮ್ಮತಮ್ಮ ವಾರ್ಡುಗಳಲ್ಲಿ ಇವೇ ಎರಡು ಪ್ರಶ್ನೆಗಳನ್ನು ಕೇಳಿ, ಬಂದ ಉತ್ತರಗಳನ್ನು ತಮ್ಮ ವಾರ್ಷಿಕ ವರದಿಯಲ್ಲಿ ದಾನದ ಪಟ್ಟಿಯ ಪಕ್ಕದಲ್ಲಿಯೇ ಪ್ರಕಟಿಸಲಿ ಎಂಬುದು ನನ್ನ ಪ್ರಾರ್ಥನೆ.